ಕೊಯ್ಯದೆ ಕಾಣುವದೂ ಮೂಕಜೀವದ ಋಣವೂ

ರೋಗಿಯಾದ ಮನುಷ್ಯನು ಸೇವಿಸುವ ಔಷಧವು ಅವನ ಬಾಯಿಗೆ ಬರುವದಕ್ಕೆ ಮುಂಚೆ ಬಹುಮಟ್ಟಿಗೆ ಒಂದು ಇಲಿಯ ದೇಹವನ್ನು ಹೊಕ್ಕು ಬಂದದ್ದಾಗಿರುತ್ತದೆ. ಈ ಸಂಗತಿಯನ್ನು ನಮ್ಮಲ್ಲಿ ಕೆಲವರು ಬಲ್ಲರು, ಹಲವರು ಅರಿಯರು. ಬಲ್ಲವರು ಸಹ ಅದನ್ನು ಕುರಿತು ಹೆಚ್ಚಾಗಿ ಯೋಚಿಸುವದಿಲ್ಲ. ಮನುಷ್ಯನ ಕ್ಷೇಮಕ್ಕಾಗಿ ಮೂಕಜಂತುವಿಗೆ ನೋವು ಕೊಡುವದು ನ್ಯಾಯವೋ? ನ್ಯಾಯವಾದರೆ ಅದು ಎಷ್ಟರ ಮಟ್ಟಿಗೆ? ಹಿಂದೆ ಕೊಯ್ದೇ ತಿಳಿಯಬೇಕಾಗಿದ್ದದ್ದನ್ನು ಈಗ ಕೊಯ್ಯದೆ ತಿಳಿಯುವ ಉಪಾಯವು ದೊರೆತಿರಲಾಗಿ, ಆ ಉಪಾಯವು ನಮ್ಮ ಹೊಣೆಯನ್ನು ಇಳಿಸಿತೋ, ಏರಿಸಿತೋ? ಈ ಪ್ರಶ್ನೆಗಳನ್ನು ನಾವು ಒಂದು ಚಿಕ್ಕ ವಿಷಯವನ್ನು ಹಿಡಿದು ವಿಚಾರಿಸುವೆವು. ಅದು ಯಾವದಂದರೆ, ಪ್ರಯೋಗಶಾಲೆಯ ಇಲಿಗಳ ಮೂತ್ರಕೋಶದಲ್ಲಿ ಉಂಟಾಗುವ ಬದಲಾವಣೆಗಳನ್ನು ಅಲ್ಟ್ರಾಸೌಂಡ್ ಎಂಬ ಯಂತ್ರದಿಂದ ನೋಡುವದು. ನಮ್ಮ ಹಳ್ಳಿಗಳವರು ಅದನ್ನು ಸ್ಕ್ಯಾನಿಂಗ್ ಎಂಬ ಹೆಸರಿನಿಂದ ಬಲ್ಲರು.

ಮೂತ್ರಕೋಶವೆಂದರೆ ಕಿಬ್ಬೊಟ್ಟೆಯೊಳಗೆ ಮೂತ್ರವು ಕೂಡಿಕೊಳ್ಳುವ ಚೀಲ. ಈ ಅವಯವದ ಹೆಸರೆತ್ತಲು ಕೆಲವರು ನಾಚುವರು. ಅದರ ಬೇನೆಯನ್ನು ಅನುಭವಿಸಿದವನೋ ನಾಚುವದಿಲ್ಲ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಎಂಬ ಗ್ರಂಥಿಯು ಬೆಳೆದು ಮೂತ್ರದ ದಾರಿಯನ್ನು ಅಮುಕುವದುಂಟು. ಆಗ ಮೂತ್ರಕೋಶವು ಹೆಚ್ಚು ಬಲದಿಂದ ಒತ್ತಬೇಕಾಗುವದು. ದಿನಾಲು ಭಾರ ಹೊರುವವನ ತೋಳು ದಪ್ಪವಾಗುವಂತೆ ಅದರ ಗೋಡೆಯು ದಪ್ಪವಾಗುತ್ತದೆ. ಕಡೆಗೆ ದಣಿದು ಸೋತುಹೋಗುತ್ತದೆ. ಸಕ್ಕರೆ ರೋಗದವರಲ್ಲಿ ಅದು ಹಿಗ್ಗಿ ಸಡಿಲವಾಗುವದುಂಟು. ಇನ್ನು ಕೆಲವರಿಗೆ ಅದರೊಳಗೆ ಕ್ಯಾನ್ಸರ್ ಗಡ್ಡೆಯು ಹುಟ್ಟುತ್ತದೆ. ಇವು ಹೇಗೆ ಆರಂಭವಾಗುತ್ತವೆ, ಎಲ್ಲಿ ತಡೆಯಬಹುದು ಎಂದು ತಿಳಿಯಬೇಕಾದರೆ ಆರಂಭದಿಂದಲೇ ನೋಡುತ್ತಾ ಬರಬೇಕು. ಮನುಷ್ಯನಲ್ಲಿಯಾದರೋ ರೋಗವು ಬಲಿತ ಮೇಲೆಯೇ ವೈದ್ಯನ ಕಣ್ಣಿಗೆ ಬೀಳುವದು.

ಒಂದು ದೃಷ್ಟಾಂತವನ್ನು ಕೇಳಿರಿ. ೧೮೯೫ರಲ್ಲಿ ಜರ್ಮನಿಯ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು ಬಣ್ಣದ ಕಾರ್ಖಾನೆಯಲ್ಲಿ ದುಡಿಯುವ ಕೂಲಿಯವರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ಲೋಕಕ್ಕೆ ತಿಳಿಸಿದನು. ಆದರೆ ಆ ಬಣ್ಣಗಳಿಗೆ ಬೇಕಾದ ಸಾಮಗ್ರಿಗಳಲ್ಲಿ ಯಾವದು ವಿಷ ಎಂಬದನ್ನು ತೋರಿಸಿಕೊಡುವದು ಸುಲಭವಾಗಿರಲಿಲ್ಲ. ೧೯೩೮ರಲ್ಲಿ ಅಮೇರಿಕದಲ್ಲಿ ವಿಲ್ಹೆಲ್ಮ್ ಹ್ಯೂಪರ್ ಎಂಬವನೂ ಅವನ ಜೊತೆಯವರೂ ಅಂಥ ಒಂದು ಸಾಮಗ್ರಿಯನ್ನು ನಾಯಿಗಳಿಗೆ ಕೊಟ್ಟು, ಅವುಗಳ ಮೂತ್ರಕೋಶದಲ್ಲಿಯೂ ಅದೇ ಗಡ್ಡೆಗಳು ಹುಟ್ಟುವದನ್ನು ತೋರಿಸಿದರು. ಈ ಎರಡು ವರುಷಗಳ ನಡುವೆ ೪೩ ವರುಷಗಳು ಕಳೆದುಹೋದವು. ಆ ಕಾಲದಲ್ಲೆಲ್ಲಾ ಕೂಲಿಯವರು ದುಡಿಯುತ್ತಲೂ ಸಾಯುತ್ತಲೂ ಇದ್ದರು. ಕಡೆಗೆ ಸಾಕ್ಷಿ ಹೇಳಿದ್ದು ನಾಯಿಗಳು. ಆ ಸಾಕ್ಷಿಗೆ ಅವು ತಮ್ಮ ಪ್ರಾಣವನ್ನೇ ತೆತ್ತವು. ಇದನ್ನು ಕೇಳಿದವನು ಪ್ರಾಣಿಗಳ ಮೇಲಿನ ಪ್ರಯೋಗವೆಲ್ಲಾ ವ್ಯರ್ಥವೆಂದು ಹೇಳಲಾರನು. ಅದು ಅಗ್ಗವೆಂದೂ ಹೇಳಲಾರನು.

ಮತ್ತೊಂದು ಸಂಗತಿ. ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಕ್ಯಾನ್ಸರಿಗೆ ಕೊಡುವರು. ಅದು ದೇಹದಲ್ಲಿ ಕರಗಿ ಮಾರ್ಪಟ್ಟಾಗ ಉಂಟಾಗುವ ಒಂದು ವಿಷವು ಮೂತ್ರದೊಂದಿಗೆ ಇಳಿದು ಮೂತ್ರಕೋಶವನ್ನು ಸುಡುತ್ತದೆ; ಗೋಡೆಯು ಬಾತು ರಕ್ತ ಒಸರುವದು. ಇದಕ್ಕೆ ತಡೆಯಾಗಿ ಮೆಸ್ನಾ ಎಂಬ ಔಷಧವು ಈಗ ಉಂಟು. ಅದನ್ನು ಮೊದಲು ಪರೀಕ್ಷಿಸಿದ್ದು ಇಲಿಗಳಲ್ಲಿ. ಇಂದು ಕ್ಯಾನ್ಸರಿನ ವಾರ್ಡಿನಲ್ಲಿ ಮಲಗಿರುವ ತಾಯಿಯೊಬ್ಬಳು ಈ ಎರಡನೆಯ ಔಷಧದಿಂದ ರಕ್ತಸ್ರಾವವಿಲ್ಲದೆ ಮನೆಗೆ ಮರಳುವಾಗ, ಆ ಉಪಕಾರವು ಯಾವ ಜೀವದ ಮೂಲಕ ಬಂತೆಂದು ಅವಳಿಗೆ ತಿಳಿದಿರುವದಿಲ್ಲ. ತಿಳಿಯದಿದ್ದರೂ ಸಾಲವು ಸಾಲವೇ.

ಇನ್ನು ಈ ಪರೀಕ್ಷೆಗಳ ಹಳೆಯ ಕ್ರಮವನ್ನು ನೋಡೋಣ. ಇಲಿಯ ಮೂತ್ರಕೋಶದಲ್ಲಿ ವಾರವಾರಕ್ಕೂ ಏನಾಗುತ್ತದೆಂದು ತಿಳಿಯುವದಕ್ಕೆ, ವಾರವಾರಕ್ಕೂ ಕೆಲವು ಇಲಿಗಳನ್ನು ಕೊಂದು, ಹೊಟ್ಟೆ ಸೀಳಿ, ಮೂತ್ರಕೋಶವನ್ನು ತೆಗೆದು ತೂಗಿ, ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮಡಿಯಲ್ಲಿ ಹಾಕಿದ ಸಸಿಗಳ ಬೇರು ಎಷ್ಟು ಇಳಿಯಿತೆಂದು ನೋಡುವದಕ್ಕೆ ದಿನಕ್ಕೊಂದು ಸಸಿಯನ್ನು ಕಿತ್ತು ನೋಡುವವನ ಹಾಗೆ ಇದು. ಕಿತ್ತ ಸಸಿಯು ಆ ದಿನದ ಸುದ್ದಿಯನ್ನು ಮಾತ್ರ ಹೇಳುವದು. ನಾಳೆ ಅದು ಹೇಗಿರುತ್ತಿತ್ತೆಂದು ಹೇಳಲಾರದು. ನಾಳೆ ಕೀಳುವದು ಬೇರೆ ಸಸಿ.

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಅದನ್ನು ಒಡೆದು ನೋಡುವದಿಲ್ಲ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಬಿರುಕು ಉಂಟೋ ಇಲ್ಲವೋ ಎಂದು ತಿಳಿಯುವಳು. ಹಲಸಿನ ಹಣ್ಣನ್ನೂ ಹಾಗೆಯೇ ತಟ್ಟಿ ನೋಡುವರು. ಅಲ್ಟ್ರಾಸೌಂಡಿನ ಮೂಲತತ್ವವು ಇದರಿಂದ ದೂರವಲ್ಲ. ಮನುಷ್ಯನ ಕಿವಿಯು ಸೆಕೆಂಡಿಗೆ ೨೦ರಿಂದ ೨೦,೦೦೦ ಸಾರಿ ಕಂಪಿಸುವ ಶಬ್ದವನ್ನು ಕೇಳಬಲ್ಲದು. ಅದಕ್ಕೆ ಮೀರಿದ ಶಬ್ದವನ್ನು ದೇಹದೊಳಗೆ ಕಳುಹಿಸಿದರೆ, ಒಂದು ಅಂಗವು ಮುಗಿದು ಮತ್ತೊಂದು ತೊಡಗುವ ಎಲ್ಲೆಯಲ್ಲಿ ಅದರ ಒಂದಂಶವು ಪ್ರತಿಧ್ವನಿಯಾಗಿ ತಿರುಗಿ ಬರುತ್ತದೆ. ತಿರುಗಿ ಬರಲು ಎಷ್ಟು ಹೊತ್ತಾಯಿತೆಂದು ಯಂತ್ರವು ಲೆಕ್ಕ ಹಾಕಿ, ಆ ಎಲ್ಲೆಯು ಎಷ್ಟು ಆಳದಲ್ಲಿದೆಯೆಂದು ಚಿತ್ರಿಸಿ ತೋರಿಸುವದು.

ಇಂಥ ಶಬ್ದವುಂಟೆಂಬ ಅರಿವಿನ ಚರಿತ್ರೆಯೇ ನಮ್ಮ ಪ್ರಶ್ನೆಗೆ ಒಂದು ಪಾಠವಾಗಿದೆ. ೧೭೯೩ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ಪಂಡಿತನು, ಬಾವಲಿಯು ಕತ್ತಲಲ್ಲಿ ಹೇಗೆ ಎಡವದೆ ಹಾರುತ್ತದೆಂದು ತಿಳಿಯಬೇಕೆಂದು ಬಾವಲಿಗಳನ್ನು ಕುರುಡುಮಾಡಿದನು. ಕುರುಡು ಬಾವಲಿಗಳೂ ಸರಿಯಾಗಿ ಹಾರಿದವು. ಜಿನೀವದ ಜುರೀನ್ ಎಂಬ ವೈದ್ಯನು ಅವುಗಳ ಕಿವಿ ಮುಚ್ಚಿದಾಗ ಅವು ಗೋಡೆಗೆ ತಾಗಿ ಬಿದ್ದವು. ಕಾರಣವು ಮಾತ್ರ ಯಾರಿಗೂ ಹೊಳೆಯಲಿಲ್ಲ. ೧೯೩೮ರಲ್ಲಿ ಅಮೇರಿಕದ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿಯು, ಕಿವಿಗೆ ಕೇಳದ ಶಬ್ದವನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ತಂದಾಗ, ಅವು ನಮಗೆ ಕೇಳದ ದನಿಯಲ್ಲಿ ಕೂಗುತ್ತಿವೆಯೆಂದು ಗೊತ್ತಾಯಿತು. ಕಣ್ಣು ಕಿತ್ತು ತಿಳಿಯದಿದ್ದದ್ದು ಕಿವಿಗೊಟ್ಟಾಗ ತಿಳಿಯಿತು. ಇಷ್ಟರಲ್ಲಿ ಕ್ಯೂರಿ ಸಹೋದರರು ೧೮೮೦ರಲ್ಲಿ, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕಂಡುಹಿಡಿದಿದ್ದರು. ಅಂಥ ಹರಳುಗಳೇ ಶಬ್ದವನ್ನು ಕಳುಹಿಸಿ ಹಿಡಿಯುವ ಸಾಧನವಾದವು. ೧೯೫೮ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ವೈದ್ಯನು ತನ್ನ ಜೊತೆಗಾರರೊಂದಿಗೆ ಹೊಟ್ಟೆಯ ಗಡ್ಡೆಗಳನ್ನು ಇದರಿಂದ ನೋಡಿದ ವರದಿಯನ್ನು ಪ್ರಕಟಿಸಿದನು.

ಮನುಷ್ಯನ ಹೊಟ್ಟೆಯನ್ನು ನೋಡಲು ಸೆಕೆಂಡಿಗೆ ಸುಮಾರು ೩೫ ಲಕ್ಷ ಕಂಪನಗಳ ಶಬ್ದವು ಸಾಕು. ಚಿಟ್ಟಿಲಿಯಾದರೋ ೨೦ರಿಂದ ೩೦ ಗ್ರಾಂ ತೂಕದ ಜೀವ. ಅದರ ಮೂತ್ರಕೋಶವು ಮೂರು ನಾಲ್ಕು ಹನಿಗಳಿಗೇ ತುಂಬುವದು. ಅದರ ಗೋಡೆಯ ದಪ್ಪವು ಒಂದು ಮಿಲಿಮೀಟರಿಗೂ ಕಡಿಮೆ. ಅದನ್ನು ಕಾಣಲು ಸೆಕೆಂಡಿಗೆ ಮೂರು ನಾಲ್ಕು ಕೋಟಿ ಕಂಪನಗಳ ಶಬ್ದ ಬೇಕು. ಅಂಥ ಶಬ್ದವು ಆಳಕ್ಕೆ ಇಳಿಯದು; ಆದರೆ ಚಿಟ್ಟಿಲಿಯ ದೇಹದಲ್ಲಿ ಆಳವೆಷ್ಟು? ಇಲಿಗೆ ಒಂದು ಬಗೆಯ ಆವಿಯನ್ನು ಮೂಸಿಸಿ ಅರಿವು ತಪ್ಪಿಸಿ, ಬೆಚ್ಚಗಿನ ಹಲಗೆಯ ಮೇಲೆ ಅಂಗಾತ ಮಲಗಿಸಿ, ಕಿಬ್ಬೊಟ್ಟೆಯ ಕೂದಲನ್ನು ತೆಗೆದು, ಬೆಚ್ಚಗೆ ಮಾಡಿದ ಲೋಳೆಯನ್ನು ಹಚ್ಚಿ, ಮೇಲಿನಿಂದ ಸಾಧನವನ್ನು ಮೆಲ್ಲಗೆ ಇಡುವರು. ತೆರೆಯ ಮೇಲೆ ಮೂತ್ರವು ಕಪ್ಪಾಗಿಯೂ ಗೋಡೆಯು ಬೆಳ್ಳಗೂ ಕಾಣುವದು. ಗಡ್ಡೆಯಿದ್ದರೆ ಕಪ್ಪಿನೊಳಕ್ಕೆ ಚಾಚಿಕೊಂಡು ತೋರುವದು. ಉದ್ದ, ಅಗಲ, ಎತ್ತರ ಈ ಮೂರನ್ನು ಗುಣಿಸಿ, ಬಂದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಹಿಡಿದರೆ ಎಷ್ಟು ಮೂತ್ರವಿದೆಯೆಂದು ತಿಳಿಯುವದು. ಒಂದು ಎಚ್ಚರಿಕೆಯು ಮಾತ್ರ ಬೇಕು: ತುಂಬಿದ ಚೀಲದ ಗೋಡೆ ತೆಳ್ಳಗೂ ಬರಿದಾದ ಚೀಲದ ಗೋಡೆ ದಪ್ಪವಾಗಿಯೂ ಕಾಣುವದು ಸಹಜ. ಆದದರಿಂದ ಸಮನಾಗಿ ತುಂಬಿದಾಗಲೇ ಅಳೆದು ಹೋಲಿಸತಕ್ಕದ್ದು.

ಇದರಿಂದಾಗುವ ಲಾಭವನ್ನು ಮನೆಯ ಲೆಕ್ಕದಂತೆ ಲೆಕ್ಕಿಸೋಣ. ಐದು ವಾರ, ವಾರಕ್ಕೆ ಎಂಟು ಇಲಿಗಳ ಮೂತ್ರಕೋಶವನ್ನು ನೋಡಬೇಕು ಎಂದಿಟ್ಟುಕೊಳ್ಳಿರಿ. ಕೊಂದು ನೋಡುವದಾದರೆ ೪೦ ಇಲಿಗಳು ಬೇಕು. ಅಲ್ಟ್ರಾಸೌಂಡಿನಿಂದಾದರೆ ಅವೇ ಎಂಟು ಇಲಿಗಳನ್ನು ಐದು ಸಾರಿ ನೋಡಬಹುದು. ೩೨ ಪ್ರಾಣಗಳು ಉಳಿದವು. ತಿಳುವಳಿಕೆಯೂ ಹೆಚ್ಚು ನಂಬತಕ್ಕದ್ದಾಗುತ್ತದೆ. ಯಾಕಂದರೆ ಒಂದು ಇಲಿಯ ಇಂದಿನ ಸ್ಥಿತಿಯನ್ನು ಅದರ ನಿನ್ನೆಯ ಸ್ಥಿತಿಯೊಂದಿಗೇ ಹೋಲಿಸಬಹುದು. ಇನ್ನೊಂದು ಪ್ರಯೋಜನವೂ ಉಂಟು. ಇಲಿಯು ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ತನ್ನ ನೋವನ್ನು ಅಡಗಿಸಿಕೊಳ್ಳುವದು. ಹೊರಗೆ ಸೊರಗಿ ಕಾಣುವ ಹೊತ್ತಿಗೆ ಒಳಗೆ ಗಡ್ಡೆಯು ಬಹಳವಾಗಿ ಬೆಳೆದಿರಬಹುದು. ಯಂತ್ರವು ಅದನ್ನು ಮುಂಚಿತವಾಗಿ ತೋರಿಸಿದರೆ, ಸಂಕಟ ತೊಡಗುವದಕ್ಕೆ ಮೊದಲೇ ಪರೀಕ್ಷೆಯನ್ನು ನಿಲ್ಲಿಸಬಹುದು.

ಇಷ್ಟನ್ನು ತಿಳಿದುಕೊಂಡ ಮೇಲೆ ಮೊದಲಿನ ಪ್ರಶ್ನೆಗಳಿಗೆ ಬರೋಣ. ಕೆಲವರು ಹೀಗೆನ್ನುವರು: "ಇಲಿಯೆಂದರೆ ಇಲಿ. ನಮ್ಮ ಕಣಜಕ್ಕೆ ಬಂದರೆ ಬೋನು ಇಟ್ಟು ಕೊಲ್ಲುತ್ತೇವೆ. ಎಂಟಾದರೇನು, ನಲವತ್ತಾದರೇನು?" ಇವರಿಗೆ ನಮ್ಮ ಉತ್ತರವೇನಂದರೆ, ಕಣಜವನ್ನು ಕಾಯುವದು ಬೇರೆ, ಸಾಕಿ ನೋಯಿಸುವದು ಬೇರೆ. ಕಾಡುಹಂದಿ ಹಸಿದರೆ ಊರವರು ಯಾರನ್ನೂ ದೂರುವದಿಲ್ಲ; ಗೂಟಕ್ಕೆ ಕಟ್ಟಿದ ಎತ್ತು ಹಸಿದರೆ ಅದರ ಯಜಮಾನನನ್ನು ದೂರುತ್ತಾರೆ. ಯಾಕೆ? ಕಟ್ಟಿದವನ ಕೈಯಲ್ಲಿ ಅದರ ಮೇವೂ ನೀರೂ ಇರುವದರಿಂದಲೇ. ಪ್ರಯೋಗಶಾಲೆಯ ಇಲಿಯು ಪಂಜರದಲ್ಲಿ ಹುಟ್ಟಿ, ಪಂಜರದಲ್ಲಿ ಬೆಳೆದು, ನಮ್ಮ ಕೆಲಸಕ್ಕಾಗಿಯೇ ರೋಗಿಯಾಗುತ್ತದೆ. ಅದರ ದಿನಗಳೆಲ್ಲಾ ಮನುಷ್ಯನ ಕೈಯಲ್ಲಿವೆ. ಯಾರ ಕೈಯಲ್ಲಿ ಅಧಿಕಾರವು ಪೂರ್ಣವಾಗಿದೆಯೋ ಅವನ ಮೇಲೆ ಹೊಣೆಯೂ ಪೂರ್ಣವಾಗಿರುತ್ತದೆ.

ಬೇರೆ ಕೆಲವರು, "ಪ್ರಾಣಿಗಳ ಮೇಲಿನ ಪ್ರಯೋಗವೆಲ್ಲಾ ಪಾಪವೇ, ಎಲ್ಲವನ್ನೂ ಇಂದೇ ನಿಲ್ಲಿಸಬೇಕು" ಎನ್ನುವರು. ಇವರ ಕನಿಕರವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಇಲಿಯ ಸಾಕ್ಷಿಯು ಎಲ್ಲಾ ಸಾರಿ ಮನುಷ್ಯನಿಗೆ ಸಲ್ಲುವದಿಲ್ಲವೆಂಬದೂ ನಿಜ. ಸಕ್ಕರೆಗೆ ಬದಲಾಗಿ ಬಳಸುವ ಸ್ಯಾಕರಿನ್ ಎಂಬ ವಸ್ತುವನ್ನು ಬಹಳವಾಗಿ ತಿನ್ನಿಸಿದಾಗ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಹುಟ್ಟಿದ್ದರಿಂದ, ೧೯೭೭ರಲ್ಲಿ ಅಮೇರಿಕದವರು ಆ ವಸ್ತುವಿರುವ ಪದಾರ್ಥಗಳ ಮೇಲೆ ಎಚ್ಚರಿಕೆಯ ಮಾತು ಬರೆಯಬೇಕೆಂದು ಕಾನೂನು ಮಾಡಿದರು. ಆ ಕೇಡು ಇಲಿಯ ಮೂತ್ರದ ವಿಶೇಷಗುಣದಿಂದ ಆದದ್ದು, ಮನುಷ್ಯನಿಗೆ ಹೊಂದತಕ್ಕದ್ದಲ್ಲ ಎಂದು ತಿಳಿದುಬಂದ ಮೇಲೆ ೨೦೦೦ದಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಆದರೂ ಬಣ್ಣದ ಕೂಲಿಯವರ ಸಂಗತಿಯನ್ನು ನೆನಸಿರಿ. ಒಂದು ಕೈಯಲ್ಲಿ ಔಷಧವನ್ನು ಹಿಡಿದು ಮತ್ತೊಂದು ಕೈಯಿಂದ ಅದನ್ನು ಶೋಧಿಸಿದವನಿಗೆ ಕಲ್ಲೆಸೆಯುವದು ನ್ಯಾಯವಲ್ಲ. ಬೇರೆ ದಾರಿ ಇಲ್ಲದೆ ಬೇನೆಯ ಬೀಗವನ್ನು ತೆರೆಯಬೇಕಾದಲ್ಲಿ ಪ್ರಯೋಗವನ್ನು ಒಪ್ಪಬಹುದು. ಆದರೆ ಬೇರೆ ದಾರಿ ಇದೆಯೋ ಎಂದು ಹುಡುಕುವ ಕೆಲಸವನ್ನು ಒಂದು ದಿನವೂ ಬಿಡಬಾರದು ಎಂಬದೇ ನಮ್ಮ ಅಭಿಪ್ರಾಯ.

೧೯೫೯ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ಪಂಡಿತರು ಈ ಹುಡುಕಾಟಕ್ಕೆ ಮೂರು ನಿಯಮಗಳನ್ನು ಕೊಟ್ಟರು: ಪ್ರಾಣಿಗೆ ಬದಲಾಗಿ ಬೇರೆ ಸಾಧನ ಸಿಕ್ಕಿದರೆ ಅದನ್ನೇ ಬಳಸು, ಪ್ರಾಣಿಯೇ ಬೇಕಾದರೆ ಎಣಿಕೆಯನ್ನು ಕಡಿಮೆಮಾಡು, ಕಡಿಮೆಮಾಡಿದ ಮೇಲೆಯೂ ಉಳಿದವುಗಳ ನೋವನ್ನು ಇಳಿಸು. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮೂಕಪ್ರಾಣಿಗಳ ಪಕ್ಷವಾಗಿ ಪ್ರಯತ್ನಪಟ್ಟದ್ದರ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು ಹುಟ್ಟಿತು. ೧೯೯೮ರ ನಿಯಮಗಳ ಪ್ರಕಾರ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಯು ತನ್ನನ್ನು ನೋಂದಾಯಿಸಿಕೊಂಡು, ಪ್ರಯೋಗಕ್ಕೆ ಮುಂಚೆ ಒಂದು ನೀತಿಸಮಿತಿಯ ಒಪ್ಪಿಗೆಯನ್ನು ಪಡೆಯಬೇಕು. ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಮಾಜದ ಹಿತವನ್ನು ಬಲ್ಲ ಸದಸ್ಯನೊಬ್ಬನು ಇರತಕ್ಕದ್ದು. ಇದು ತಕ್ಕದ್ದೇ. ಯಾಕಂದರೆ ಯಂತ್ರವನ್ನು ನಡಿಸುವದಕ್ಕೆ ವಿದ್ಯೆ ಬೇಕು; "ಇದು ಅಗತ್ಯವೋ?" ಎಂದು ಕೇಳುವದಕ್ಕೆ ಮನಸ್ಸಾಕ್ಷಿ ಸಾಕು.

ಮೂರನೆಯ ಮಾತೊಂದು ಉಂಟು. ಅದು ಇಂಪಾದದ್ದು, ಆದದರಿಂದಲೇ ಅಪಾಯವಾದದ್ದು. "ಈಗ ಕೊಯ್ಯುವದಿಲ್ಲ, ರಕ್ತವಿಲ್ಲ, ಇನ್ನು ನಮ್ಮ ಮೇಲೆ ದೋಷವಿಲ್ಲ" ಎಂಬದು ಅದು. ವಾಚಕರೇ, ಉಪಾಯವು ಮೃದುವಾದ ಮಾತ್ರಕ್ಕೆ ಹೃದಯವು ಮೃದುವಾಯಿತೆಂದು ತಿಳಿಯಬಾರದು. ನಲವತ್ತು ಇಲಿಗಳ ಭಾರವನ್ನು ಎಂಟು ಇಲಿಗಳು ಹೊರುವಾಗ, ಪ್ರತಿಯೊಂದು ಐದೈದು ಸಾರಿ ಅರಿವು ತಪ್ಪಿ ಏಳಬೇಕು. ಕಡೆಯಲ್ಲಿ ಯಂತ್ರದ ಚಿತ್ರವು ಸರಿಯೋ ಎಂದು ನೋಡಲು ಹೆಚ್ಚಾಗಿ ಆ ಎಂಟನ್ನೂ ಕೊಲ್ಲುತ್ತಾರೆ. ಅನೇಕರನ್ನು ಉಳಿಸುವದಕ್ಕೆ ಕೆಲವರ ಮೇಲೆ ಹೊರೆಯನ್ನು ಹೆಚ್ಚಿಸುವಾಗ, ಆ ಕೆಲವರ ಹೊರೆಗೂ ಒಂದು ಮೇರೆ ಇರಬೇಕು. ಸುಲಭವಾಗಿ ನೋಡಬಹುದೆಂದು ಬೇಡವಾದದ್ದನ್ನೂ ನೋಡುತ್ತಾ ಹೋದರೆ ಉಳಿಸಿದ್ದನ್ನು ಮತ್ತೊಂದು ಕೈಯಿಂದ ಕಳಕೊಂಡ ಹಾಗಾಗುವದು.

ಇದೇ ಯಂತ್ರವು ನಮ್ಮ ದೇಶದಲ್ಲಿ ಏನು ಮಾಡಿತೆಂದು ನೆನಪಿಗೆ ತಂದುಕೊಳ್ಳಿರಿ. ಬಸುರಿಯನ್ನೂ ಕೂಸನ್ನೂ ಉಳಿಸಬೇಕಾಗಿದ್ದ ಕಣ್ಣನ್ನು, ಗರ್ಭದಲ್ಲಿರುವದು ಹೆಣ್ಣೋ ಎಂದು ಗೊತ್ತುಮಾಡಿ ಅದನ್ನು ನಾಶಪಡಿಸುವದಕ್ಕೆ ಜನರು ಬಳಸಿದರು. ಇದನ್ನು ನಿಷೇಧಿಸುವದಕ್ಕೆ ೧೯೯೪ರಲ್ಲಿ ಕಾನೂನು ಮಾಡಬೇಕಾಯಿತು. ಸ್ಕ್ಯಾನಿಂಗ್ ಮಾಡುವ ಸ್ಥಳಗಳಲ್ಲಿ ತೂಗುಹಾಕಿರುವ ಹಲಗೆಯನ್ನು ನೀವೆಲ್ಲರೂ ಓದಿದ್ದೀರಿ. ರಕ್ತವಿಲ್ಲದ, ಸದ್ದಿಲ್ಲದ, ನೋಯಿಸದ ಅದೇ ಯಂತ್ರ! ಒಂದು ಕಡೆಯಲ್ಲಿ ಇಲಿಯ ಪ್ರಾಣವನ್ನು ಉಳಿಸುತ್ತದೆ, ಮತ್ತೊಂದು ಕಡೆಯಲ್ಲಿ ಹೆಣ್ಣುಮಗುವಿನ ಪ್ರಾಣಕ್ಕೆ ಎರವಾಗುತ್ತದೆ. ಸಾಧನಕ್ಕೆ ಮನಸ್ಸಾಕ್ಷಿ ಇಲ್ಲ. ಅದು ಹಿಡಿದವನಲ್ಲಿಯೇ ಇರಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆವು. ದೊಡ್ಡ ಇಲಿಗಳು ಹೆದರಿದಾಗಲೂ ಸಂಕಟಪಡುವಾಗಲೂ ಒಂದು ಬಗೆಯ ದನಿಯಲ್ಲಿ ಕೂಗುತ್ತವೆ. ಆ ದನಿಯು ಸೆಕೆಂಡಿಗೆ ಸುಮಾರು ೨೨,೦೦೦ ಕಂಪನಗಳದ್ದು. ನಮ್ಮ ಕಿವಿಯ ಎಲ್ಲೆಯು ೨೦,೦೦೦. ಅಂದರೆ ಪಂಜರದಲ್ಲಿ ಇಲಿಯು ಕೂಗುತ್ತಿದ್ದರೂ ಪಕ್ಕದಲ್ಲಿ ನಿಂತ ಮನುಷ್ಯನಿಗೆ ಎಲ್ಲವೂ ನಿಶ್ಶಬ್ದವಾಗಿಯೇ ತೋರುವದು. ನಮಗೆ ಕೇಳದ ಶಬ್ದದಿಂದ ಅದರ ಮೂತ್ರಕೋಶವನ್ನು ನೋಡಬಲ್ಲವರಾದ ನಾವು, ನಮಗೆ ಕೇಳದ ಶಬ್ದದಲ್ಲಿ ಅದು ಕೂಗುತ್ತದೆಂಬದನ್ನು ಮರೆತರೆ, ನಮ್ಮ ಜ್ಞಾನವು ಅರ್ಧವೇ ಸರಿ. ಕೂಗು ಕೇಳಿಸಲಿಲ್ಲವೆಂಬದು ಕೂಗಲಿಲ್ಲವೆಂಬದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ತೀರ್ಮಾನವೇನು? ದಯೆಯ ಉಪಾಯವು ಕೈಗೆ ಸಿಗುವ ತನಕ ಯಾವದು ಅಗತ್ಯವಾಗಿತ್ತೋ, ಸಿಕ್ಕಿದ ಮೇಲೆ ಅದೇ ಕ್ರೌರ್ಯವಾಗುತ್ತದೆ. ಹತ್ತಿರದಲ್ಲಿ ಸೇತುವೆ ಕಟ್ಟಿರುವಾಗ ತುಂಬಿದ ಹೊಳೆಯಲ್ಲಿ ಎತ್ತುಗಳನ್ನು ಈಜಿಸುವವನು, "ನಮ್ಮ ಅಜ್ಜನೂ ಹೀಗೆಯೇ ದಾಟಿದನು" ಎಂದು ಹೇಳಿ ತಪ್ಪಿಸಿಕೊಳ್ಳಲಾರನು. ಅಜ್ಜನಿಗೆ ಸೇತುವೆ ಇರಲಿಲ್ಲ. ಕೊಯ್ಯದೆ ಕಾಣಬಹುದಾದದ್ದನ್ನು ಕೊಯ್ದು ಕಾಣುವವನ ಸ್ಥಿತಿಯು ಇದೇ. ಆದದರಿಂದ ಹೊಸ ಯಂತ್ರವು ನಮ್ಮ ಹೊಣೆಯನ್ನು ಇಳಿಸಲಿಲ್ಲ, ಏರಿಸಿತು. ಯಾಕಂದರೆ ಅದು ನಮ್ಮ ನೆವವನ್ನು ತೆಗೆದುಹಾಕಿತು.

ಈ ಮಾತು ದೂರದ ಪ್ರಯೋಗಶಾಲೆಗಳಿಗೆ ಮಾತ್ರ ಸೇರಿದ್ದೆಂದು ಎಣಿಸಬೇಡಿರಿ. ಹೋರಿಯ ಬೀಜವನ್ನು ಕಲ್ಲಿನಿಂದ ಜಜ್ಜುವ ಪದ್ಧತಿಯು ಒಂದು ಕಾಲದಲ್ಲಿ ಊರೂರಿನಲ್ಲಿತ್ತು. ಪಶುವೈದ್ಯನು ಮರಗಟ್ಟಿಸುವ ಔಷಧವನ್ನು ಕೊಟ್ಟು ಇಕ್ಕಳದಿಂದ ಆ ಕೆಲಸವನ್ನು ಮಾಡಿಕೊಡುವಾಗ ಕಲ್ಲಿಗೆ ಇನ್ನೇನು ಕೆಲಸ? ಹೆಗಲು ಹುಣ್ಣಾದ ಎತ್ತಿಗೆ ನಾಲ್ಕು ದಿನ ಬಿಡುವು ಕೊಡಬಹುದಾಗಿರುವಾಗ ಬಾರುಕೋಲನ್ನು ಎತ್ತುವದೇಕೆ? ನಿಮ್ಮ ಮಕ್ಕಳು ಪಟ್ಟಣದ ಕಾಲೇಜುಗಳಲ್ಲಿ ಔಷಧಶಾಸ್ತ್ರವನ್ನೂ ಪ್ರಾಣಿಶಾಸ್ತ್ರವನ್ನೂ ಕಲಿಯುತ್ತಿದ್ದರೆ, ಅವರು ಮನೆಗೆ ಬಂದಾಗ ಕೇಳಿರಿ: ಎಷ್ಟು ಪ್ರಾಣಿಗಳು? ಅಷ್ಟು ಬೇಕೇ ಬೇಕೋ? ಕೊಯ್ಯದೆ ತಿಳಿಯುವ ದಾರಿ ಇಲ್ಲವೋ? ಹಳ್ಳಿಯ ತಾಯಿತಂದೆಗಳು ಕೇಳಿದ ಪ್ರಶ್ನೆಯು ಮಗನ ಕೈಯನ್ನು ಒಂದು ಕ್ಷಣ ತಡೆದರೂ ಸಾಕು. ಔಷಧವನ್ನು ಕುಡಿಯುವವರೆಲ್ಲರೂ ಆ ಸಾಲದಲ್ಲಿ ಪಾಲುಗಾರರು. ಸಾಲವನ್ನು ಪೂರ್ಣವಾಗಿ ತೀರಿಸಲಾರದವನು ಕೂಡ ಅದನ್ನು ಬೆಳೆಸದ ಹಾಗೆ ಜಾಗ್ರತೆಪಡಬಹುದು.